ಸೆಲ್ಫಿಗೊಂದು, ಲೈಟಿಗೊಂದು

ಮೂಡುಬಿದಿರೆಯ ಪಕ್ಕದ ಪುತ್ತಿಗೆಯಲ್ಲಿ ಕಡಲಿಲ್ಲ. ಆದರೆ ಮಂಗಳೂರು ಧಕ್ಕೆಯ ಬೋಟುಗಳಿಗೆ ಬೇಕಾದ ಎರಡು ಬಗೆಯ ಬ್ಯಾಟರಿಗಳೂ ಇಲ್ಲಿಯವರಿಗೆ ಪರಿಚಿತ. ಅಂಗಳದ ಜೀಪಿನ ಬಾನೆಟ್ಟಿನಡಿ ಇರುವುದು ಒಂದು. ಮಳೆಗಾಲದಲ್ಲಿ ಕರೆಂಟು ಹೋದಾಗ ದೀಪ, ಫ್ಯಾನು ನಡೆಸುವ ಇನ್ವರ್ಟರಿನದು ಇನ್ನೊಂದು. ಎರಡೂ 12 ವೋಲ್ಟಿನವು, ಎರಡರೊಳಗೂ ಸೀಸ ಮತ್ತು ಗಂಧಕಾಮ್ಲ. ಹಾಗಿದ್ದೂ ಒಂದರ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದರೆ ಅದು ಬಹಳ ದಿನ ಬಾಳುವುದಿಲ್ಲ. ಜೀಪಾದರೆ ತಳ್ಳಿ ಸ್ಟಾರ್ಟ್ ಮಾಡಬಹುದು. ಕಡಲಿನಲ್ಲಿ ತಳ್ಳುವ ಜನರೂ ಇಲ್ಲ, ಇಳಿಜಾರೂ ಇಲ್ಲ.

ಒಂದು ಲೆಕ್ಕ ನೋಡೋಣ. ಡೀಸೆಲ್ ಎಂಜಿನ್ನಿನ ಸೆಲ್ಫ್ (ಸ್ಟಾರ್ಟರ್ ಮೋಟಾರು) 300 ಆಂಪಿಯರ್ ಎಳೆದು ಮೂರು ಸೆಕೆಂಡಿನಲ್ಲಿ ಎಂಜಿನ್ ಹಿಡಿಯಿತು ಎನ್ನಿ. ಖರ್ಚಾದದ್ದು ಬರೇ ಕಾಲು ಆಂಪಿಯರ್-ಅವರ್ (ಎ.ಎಚ್.). 100 ಎ.ಎಚ್. ಬ್ಯಾಟರಿಯಲ್ಲಿ ಇದು ನಾನೂರನೇ ಒಂದು ಪಾಲು. ಇನ್ನು ಎಂಜಿನ್ ನಿಲ್ಲಿಸಿ, ಲಂಗರು ಹಾಕಿ, ಲೈಟು, ವೈರ್‌ಲೆಸ್, ಜಿಪಿಎಸ್, ಫಿಶ್ ಫೈಂಡರ್ ಎಲ್ಲ ಸೇರಿ 5 ಆಂಪಿಯರ್‌ನಂತೆ ಹತ್ತು ಗಂಟೆ ಉರಿಸಿದರೆ 50 ಎ.ಎಚ್. ಖಾಲಿ. ಅಬ್ಬರದಿಂದ ಎಳೆಯುವ ಸೆಲ್ಫ್ ನಿಜಕ್ಕೂ ತಿನ್ನುವುದು ಅತ್ಯಲ್ಪ. ಸದ್ದಿಲ್ಲದ ಲೈಟೇ ಬ್ಯಾಟರಿಯನ್ನು ಬರಿದು ಮಾಡುವುದು.

ಅದಕ್ಕೇ ಒಳಗಿನ ರಚನೆ ಬೇರೆ. ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳ್ಳಗಿನ ಹಲವು ಪ್ಲೇಟುಗಳಿರುತ್ತವೆ. ಆಮ್ಲ ತಾಗುವ ಮೈ ಹೆಚ್ಚಿದ್ದಷ್ಟೂ ಒಮ್ಮೆಲೇ ಹೊರಡುವ ಕರೆಂಟು ಹೆಚ್ಚು. ನಿಧಾನವಾಗಿ, ಆಳದವರೆಗೆ ಬಳಸುವ ಬ್ಯಾಟರಿಯಲ್ಲಿ ಪ್ಲೇಟುಗಳು ದಪ್ಪ. ಬಳಕೆಯಾಗುತ್ತಿದ್ದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗುತ್ತದೆ. ಮತ್ತೆ ಮತ್ತೆ ಪೂರ್ತಿ ಬರಿದು ಮಾಡಿದರೆ ತೆಳ್ಳಗಿನ ಪ್ಲೇಟಿನ ಸಾರ ಉದುರುತ್ತದೆ. ಬರಿದಾದದ್ದನ್ನು ಹಾಗೇ ಬಿಟ್ಟರೆ ಸಲ್ಫೇಟ್ ಹರಳುಗಟ್ಟಿ, ಯಾವ ಚಾರ್ಜರಿಗೂ ಜಗ್ಗದಂತಾಗುತ್ತದೆ. ದಪ್ಪ ಪ್ಲೇಟಿನದನ್ನೂ ಅರ್ಧಕ್ಕಿಂತ ಕೆಳಗಿಳಿಸದಿದ್ದರೆ ಆಯಸ್ಸು ಹೆಚ್ಚು. ಹಾಗಾಗಿ ಮೇಲಿನ ಲೆಕ್ಕದ ರಾತ್ರಿಗೆ ಕನಿಷ್ಠ 100 ಎ.ಎಚ್. ಬೇಕು.

ಹೀಗಾಗಿ ನಂಬಿಕೆಯ ವ್ಯವಸ್ಥೆಯೆಂದರೆ ದೊಡ್ಡ ಬ್ಯಾಟರಿಯಲ್ಲ, ಬೇರ್ಪಟ್ಟ ಬ್ಯಾಟರಿಗಳು. ಸೆಲ್ಫಿನ ಬ್ಯಾಟರಿಯಿಂದ ಲೈಟು, ವೈರ್‌ಲೆಸ್ ಯಾವುದಕ್ಕೂ ತಂತಿ ಎಳೆಯಬಾರದು. ಎರಡನ್ನೂ ಒಂದೇ ಡೈನಮೋದಿಂದ ತುಂಬಿಸಲು ನಡುವೆ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಸಾಕು. ಎಂಜಿನ್ ಓಡಿ ಮೊದಲ ಬ್ಯಾಟರಿ ಸುಮಾರು 13.3 ವೋಲ್ಟಿಗೆ ಏರಿದಾಗ ರಿಲೇ ಎರಡನ್ನೂ ಜೋಡಿಸುತ್ತದೆ. ಎಂಜಿನ್ ನಿಂತು 12.8ರ ಆಸುಪಾಸಿಗೆ ಇಳಿದಾಗ ಬಿಡಿಸುತ್ತದೆ. ರಾತ್ರಿಯಿಡೀ ಲೈಟು ಉರಿದರೂ ಬೆಳಗಿನ ಸೆಲ್ಫಿನ ಪಾಲು ಉಳಿಯುತ್ತದೆ. ಪ್ರತಿ ಬ್ಯಾಟರಿಗೂ ಒಂದು ಮೇನ್ ಸ್ವಿಚ್ ಇರಲಿ. ಬೋಟಿನ ತಳದ ನೀರೆತ್ತುವ ಪಂಪ್ ಮಾತ್ರ ಸ್ವಿಚ್ ದಾಟದೆ, ತನ್ನದೇ ಫ್ಯೂಸ್ ಮೂಲಕ ಲೈಟಿನ ಬ್ಯಾಟರಿಗೆ ನೇರ ಸೇರಬೇಕು. ಬೋಟಿನಲ್ಲಿ ಯಾರೂ ಇಲ್ಲದಾಗಲೂ ಅದು ಓಡಬೇಕಲ್ಲ. ಉಳಿದ ತಂತಿಗಳ ಫ್ಯೂಸುಗಳೂ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ. ಫ್ಯೂಸಿಗಿಂತ ಮೊದಲಿನ ತಂತಿ ಉಜ್ಜಿ ಶಾರ್ಟ್ ಆದರೆ ಬೆಂಕಿ ತಡೆಯುವವರಿಲ್ಲ.

ಮುಂದಿನ ಶತ್ರು ಉಪ್ಪು. ಬರಿಯ ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿದು, ಟರ್ಮಿನಲ್ಲಿನಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಹುಟ್ಟಿದರೂ, 300 ಆಂಪಿಯರ್ ಹರಿಯುವಾಗ 3 ವೋಲ್ಟು ಅಲ್ಲೇ ಹೋಗುತ್ತದೆ. ಬ್ಯಾಟರಿ ಸರಿಯಿದ್ದೂ ಸೆಲ್ಫ್ ಗೊಣಗುತ್ತದೆ. ತವರ ಲೇಪಿಸಿದ ದಪ್ಪ ತಂತಿ, ಬಿಗಿಯಾಗಿ ಒತ್ತಿದ ಲಗ್ಸ್, ಮೇಲೊಂದಿಷ್ಟು ಗ್ರೀಸು ಇದಕ್ಕೆ ಮದ್ದು. ಚಾರ್ಜಾಗುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ ಶೇ 4 ತಲುಪಿದರೆ ಒಂದು ಕಿಡಿ ಸಾಕು. ಅದು ಹಗುರವಾದ್ದರಿಂದ ಬ್ಯಾಟರಿ ಪೆಟ್ಟಿಗೆಯ ಗಾಳಿಕಿಂಡಿ ಮೇಲ್ಭಾಗದಲ್ಲಿರಬೇಕು. ಪೆಟ್ಟಿಗೆಯನ್ನು ತಳದ ನೀರಿಗಿಂತ ಎತ್ತರದಲ್ಲಿ ಬಿಗಿದು ಕಟ್ಟಬೇಕು; ಕಡಲ ನೀರು ಬ್ಯಾಟರಿಯೊಳಗೆ ನುಗ್ಗಿದರೆ ವಿಷಕಾರಿ ಕ್ಲೋರಿನ್ ಹುಟ್ಟುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬ್ಯಾಟರಿ ಹಾಳಾಗುವುದಕ್ಕೂ ಇದೇ ಸುಗ್ಗಿ. ಸುಮ್ಮನಿದ್ದರೂ ಅದರ ಚಾರ್ಜ್ ಸೋರುತ್ತದೆ, ಸಲ್ಫೇಟ್ ಹರಳುಗಟ್ಟುತ್ತದೆ. ತಂತಿ ಕಳಚಿ, ಡಿಸ್ಟಿಲ್ಡ್ ನೀರು ನೋಡಿ, ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಸಾಕು. ಆಗಸ್ಟಿನಲ್ಲಿ ಬೋಟು ಇಳಿಸುವ ಮೊದಲು ಬ್ಯಾಟರಿಯ ಕಂಬಗಳಿಗೇ ಮೀಟರ್ ಹಿಡಿದು ಸೆಲ್ಫ್ ಹೊಡೆಯಿರಿ. ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಅನುಮಾನ ಬ್ಯಾಟರಿಯ ಮೇಲೆ. ಮೀಟರ್ ಚೆನ್ನಾಗಿ ತೋರಿಸಿಯೂ ಸೆಲ್ಫ್ ತೂಕಡಿಸಿದರೆ ಹೊಸ ಬ್ಯಾಟರಿಗೆ ಹಣ ಸುರಿಯುವ ಮುನ್ನ ತಂತಿ ಮತ್ತು ಟರ್ಮಿನಲ್ ಉಜ್ಜಿ ನೋಡಿ.