ಮೇಲಿನಿಂದ ಕಂಡ ನೆಲ

ಮೋಶೆಯು ನೆಬೋ ಬೆಟ್ಟದ ತುದಿಯಿಂದ ವಾಗ್ದತ್ತ ದೇಶವನ್ನು ನೋಡಿದ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಎತ್ತರದಲ್ಲಿ ನಿಂತವನಿಗೆ ನಾಡು ಒಂದೇ ನೋಟದಲ್ಲಿ ಕಾಣುವುದು. ಆದರೆ ಆ ನೋಟವು ನೋಡಿದವನೊಡನೆಯೇ ಹೋಗಿಬಿಡುವುದು. ನಾಲ್ವತ್ತು ವರ್ಷಗಳ ತರುವಾಯ ಮತ್ತೊಬ್ಬನು ಅದೇ ತುದಿಯನ್ನೇರಿದರೆ, ಮೊದಲಿನವನು ಕಂಡದ್ದರೊಡನೆ ತಾನು ಕಂಡದ್ದನ್ನು ಹೋಲಿಸುವುದಕ್ಕೆ ಅವನಿಗೆ ಸಾಧನವಿಲ್ಲ. ಈ ಕೊರತೆಯನ್ನು ನೀಗಿಸಿದುದು ಆಕಾಶದಿಂದ ತೆಗೆದ ಛಾಯಾಚಿತ್ರ. ಭೂಗೋಳದ ಪಾಠದಲ್ಲಿ ಇಂತಹ ಹಳೆಯ ಚಿತ್ರಗಳಿಂದ ಹುಡುಗಿಯರು ಕಲಿಯುವುದಾದರೂ ಏನೆಂದು ಪೋಷಕರು ಕೇಳುವುದುಂಟು. ಅದಕ್ಕೆ ಉತ್ತರವಾಗಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

೧೮೫೮ರಲ್ಲಿ ನಾದಾರ್ ಎಂಬ ಫ್ರೆಂಚ್ ಛಾಯಾಗ್ರಾಹಕನು ಪ್ಯಾರಿಸಿನ ಬಳಿ ಬೆಲೂನನ್ನೇರಿ ನೆಲದ ಚಿತ್ರವನ್ನು ತೆಗೆದನು. ಅದು ಈಗ ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು ೧೮೬೦ರಲ್ಲಿ ಜೇಮ್ಸ್ ವಾಲೇಸ್ ಬ್ಲ್ಯಾಕ್ ಎಂಬವನು ಅಮೆರಿಕದ ಬಾಸ್ಟನ್ ನಗರದ ಮೇಲಿನಿಂದ ತೆಗೆದುದು. ೧೯೧೪ರಲ್ಲಿ ಪ್ರಾರಂಭವಾದ ಮಹಾಯುದ್ಧದಲ್ಲಿ ಶತ್ರುಗಳ ಕಂದಕಗಳನ್ನು ಕಂಡುಹಿಡಿಯುವುದಕ್ಕಾಗಿ ವಿಮಾನಗಳಿಂದ ಚಿತ್ರ ತೆಗೆಯುವ ವಿದ್ಯೆಯು ಬಹಳವಾಗಿ ಬೆಳೆಯಿತು. ಕೊಲ್ಲುವ ಕೆಲಸಕ್ಕೆಂದು ಕಲಿತದ್ದು ಯುದ್ಧವು ಮುಗಿದ ಬಳಿಕ ಅರಿವಿನ ಕೆಲಸಕ್ಕೆ ಒದಗಿತು.

ಇಂಗ್ಲೆಂಡಿನ ವಿಲ್ಟ್‌ಷೈರ್ ಪ್ರಾಂತದಲ್ಲಿ, ಸ್ಟೋನ್‌ಹೆಂಜಿಗೆ ಸಮೀಪದಲ್ಲಿ, ಒಂದು ಗೋದಿಯ ಹೊಲವಿದ್ದಿತು. ೧೯೨೫ರಲ್ಲಿ ಇನ್‌ಸಾಲ್ ಎಂಬ ವಿಮಾನಪಡೆಯ ಅಧಿಕಾರಿಯು ಅದರ ಮೇಲೆ ಹಾರುತ್ತಿದ್ದಾಗ ನೆಲದಲ್ಲಿ ಒಂದು ವರ್ತುಲವನ್ನು ಕಂಡನು. ಮರುವರ್ಷದ ಜುಲೈ ತಿಂಗಳಲ್ಲಿ ಗೋದಿಯು ಎತ್ತರಕ್ಕೆ ಬೆಳೆದಾಗ, ಆ ಪೈರಿನೊಳಗೆ ಒಂದರೊಳಗೊಂದಾಗಿ ಚುಕ್ಕೆಗಳ ಉಂಗುರಗಳು ತೋರಿದವು. ಮಾಡ್ ಕನ್ನಿಂಗ್ಟನ್ ಎಂಬ ಮಹಿಳೆಯು ಅಲ್ಲಿ ಅಗೆಯಿಸಿ ನೋಡಲು, ಪ್ರತಿಯೊಂದು ಚುಕ್ಕೆಯೂ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮರದ ಕಂಬವನ್ನು ನೆಟ್ಟಿದ್ದ ಗುಳಿಯೆಂದು ತಿಳಿಯಿತು. ಆಕೆಯೂ ಆಕೆಯ ಗಂಡನೂ ಆ ನೆಲವನ್ನು ಕೊಂಡು ರಾಷ್ಟ್ರಕ್ಕೆ ಒಪ್ಪಿಸಿದರು. ಈಗ ಅದಕ್ಕೆ ವುಡ್‌ಹೆಂಜ್ ಎಂದು ಹೆಸರು.

ಇದರ ಕಾರಣವು ಸರಳವಾದುದು. ಒಮ್ಮೆ ಅಗೆದ ಗುಳಿಯು ಮುಂದೆ ಮೆದುಮಣ್ಣಿನಿಂದ ತುಂಬಿಕೊಂಡರೂ ಸುತ್ತಲಿನ ಗಟ್ಟಿನೆಲದಂತಾಗುವುದಿಲ್ಲ. ಅಲ್ಲಿ ತೇವವು ಹೆಚ್ಚಾಗಿ ನಿಲ್ಲುವುದು, ಬೇರು ಆಳಕ್ಕಿಳಿಯುವುದು, ಪೈರು ಎತ್ತರವಾಗಿಯೂ ಕಡುಹಸುರಾಗಿಯೂ ಬೆಳೆಯುವುದು. ಅಡಿಯಲ್ಲಿ ಕಲ್ಲುಗೋಡೆಯಿದ್ದರೆ ಇದಕ್ಕೆ ವಿರುದ್ಧವಾಗಿ ಪೈರು ಕುಗ್ಗಿ ಬೇಗನೆ ಹಳದಿಯಾಗುವುದು. ಮಳೆ ಕಡಮೆಯಾದ ವರ್ಷಗಳಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗುವುದು. ಹೊಲದಲ್ಲಿ ನಡೆಯುವವನಿಗೆ ಗೋದಿಯಲ್ಲದೆ ಬೇರೇನೂ ತೋರದು. ಪುಟದ ಮೇಲೆ ಹರಿದಾಡುವ ಇರುವೆಯು ಅಕ್ಷರವನ್ನು ಓದಬಲ್ಲುದೇ?

ಚಿತ್ರವನ್ನು ನೋಡುವುದು ಮಾತ್ರವಲ್ಲ, ಅಳೆಯುವುದೂ ಸಾಧ್ಯ. ನೇರವಾಗಿ ಕೆಳಮುಖವಾಗಿ ಹಿಡಿದ ಕ್ಯಾಮರಾದ ಮಸೂರದ ನಾಭಿದೂರವು ಆರು ಅಂಗುಲವಾಗಿದ್ದು, ವಿಮಾನವು ೫,೦೦೦ ಅಡಿ ಎತ್ತರದಲ್ಲಿದ್ದರೆ, ಚಿತ್ರದ ಪ್ರಮಾಣವು ೧೦,೦೦೦ಕ್ಕೆ ೧ ಆಗುವುದು. ಎಂದರೆ ಚಿತ್ರದ ಒಂದು ಅಂಗುಲವು ಸಮನೆಲದ ೮೩೩ ಅಡಿಗಳಿಗೆ ಸಮ. ಒಂಬತ್ತನೆಯ ತರಗತಿಯ ಹುಡುಗಿಯೂ ಈ ಲೆಕ್ಕವನ್ನು ಮಾಡಬಲ್ಲಳು. ಒಂದೇ ಸ್ಥಳದ, ಬೇರೆ ಬೇರೆ ವರ್ಷಗಳ ಎರಡು ಚಿತ್ರಗಳನ್ನು ಹೀಗೆ ಅಳೆದರೆ ನದಿಯು ಎಷ್ಟು ಸರಿಯಿತು, ಕಾಡು ಎಷ್ಟು ಹಿಂಜರಿಯಿತು ಎಂಬುದು ಅಂಕಿಗಳಲ್ಲಿ ದೊರೆಯುವುದು.

ಇದಕ್ಕೆ ಗ್ರೀನ್‌ಲ್ಯಾಂಡಿನ ದೃಷ್ಟಾಂತವನ್ನು ಹೇಳುತ್ತೇವೆ. ಅಲ್ಲಿನ ಮಿಷನರಿಯೊಬ್ಬರ ಮಗನಾದ ಕ್ನೂಡ್ ರಾಸ್ಮುಸ್ಸೆನ್ ೧೯೩೨–೩೩ರಲ್ಲಿ ಆ ನಾಡಿನ ಆಗ್ನೇಯ ಕರಾವಳಿಗೆ ನಡೆಸಿದ ಯಾತ್ರೆಯಲ್ಲಿ ವಿಮಾನದಿಂದ ಹಿಮನದಿಗಳ ಚಿತ್ರಗಳನ್ನು ತೆಗೆಯಲಾಯಿತು. ರಾಸ್ಮುಸ್ಸೆನ್ ೧೯೩೩ರಲ್ಲಿಯೇ ತೀರಿಕೊಂಡನು. ಚಿತ್ರಗಳು ಡೆನ್ಮಾರ್ಕಿನ ಉಗ್ರಾಣವೊಂದರಲ್ಲಿ ಹಲವು ದಶಕಗಳವರೆಗೆ ಮರೆತುಹೋಗಿದ್ದವು. ಅವು ಮತ್ತೆ ಬೆಳಕಿಗೆ ಬಂದಾಗ ವಿದ್ವಾಂಸರು ಅವನ್ನು ಮುಂದಿನ ಕಾಲದ ವಿಮಾನಚಿತ್ರಗಳೊಡನೆಯೂ ಉಪಗ್ರಹಚಿತ್ರಗಳೊಡನೆಯೂ ಹೋಲಿಸಿ, ೧೩೨ ಹಿಮನದಿಗಳ ಎಂಭತ್ತು ವರ್ಷಗಳ ಚರಿತ್ರೆಯನ್ನು ೨೦೧೨ರಲ್ಲಿ ಪ್ರಕಟಿಸಿದರು.

ಅವರು ಕಂಡದ್ದೇನು? ಸಮುದ್ರಕ್ಕೆ ಇಳಿಯುವ ಹಿಮನದಿಗಳು ೨೦೦೦ದ ಈಚೆಗೆ ಹೆಚ್ಚು ವೇಗವಾಗಿ ಹಿಂದೆ ಸರಿದಿದ್ದವು. ಆದರೆ ನೆಲದ ಮೇಲೆಯೇ ಕೊನೆಗಾಣುವ ಹಿಮನದಿಗಳಲ್ಲಿ ಅನೇಕವು ೧೯೩೦ರ ದಶಕದ ಬಿಸಿಯ ಕಾಲದಲ್ಲಿಯೇ ಅದಕ್ಕಿಂತ ವೇಗವಾಗಿ ಸರಿದಿದ್ದವು. ಬಿಸಿಗೆ ಹಿಮವು ಎಷ್ಟು ಬೇಗ ಓಗೊಡುವುದೆಂಬುದೂ, ಎಲ್ಲ ಹಿಮನದಿಗಳೂ ಒಂದೇ ರೀತಿಯಲ್ಲಿ ಓಗೊಡುವುದಿಲ್ಲವೆಂಬುದೂ ಇದರಿಂದ ತಿಳಿಯಿತು. ಹಳೆಯ ಚಿತ್ರವು ನಾವು ಊಹಿಸಿದ್ದನ್ನೇ ಹೇಳಬೇಕೆಂಬ ನಿಯಮವಿಲ್ಲ. ನೋಡುವುದಕ್ಕೆ ಮುಂಚೆ ತೀರ್ಮಾನಿಸಬಾರದೆಂಬ ಪಾಠವನ್ನು ನಮ್ಮ ಹುಡುಗಿಯರು ಇಲ್ಲಿ ಕಲಿಯಬೇಕೆಂಬುದೇ ನಮ್ಮ ಆಶೆ.

ದೂರದ ಮಾತು ಹಾಗಿರಲಿ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯ ಪಾತ್ರದಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಪಾತ್ರದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಅಲ್ಲಿ ಬಸ್ಸಿಗಾಗಿ ಕಾಯುವ ಮಗುವಿಗೆ ತನ್ನ ಕಾಲಡಿಯಲ್ಲಿ ಕೆರೆಯಿದ್ದಿತೆಂದು ಯಾರು ಹೇಳುವರು? ಹೆಸರು ಮರೆತರೂ ನೆಲದ ಇಳಿಜಾರು ಮರೆಯುವುದಿಲ್ಲ. ಮಳೆ ಬಂದಾಗ ನೀರು ತಗ್ಗಿಗೇ ಹರಿಯುವುದು. ಎಲ್ಲಿ ಕೆರೆಯಿದ್ದಿತು, ಎಲ್ಲಿ ಕಾಲುವೆ ಹರಿಯಿತು ಎಂಬುದನ್ನು ಅರಿಯದೆ ಮನೆ ಕಟ್ಟುವವರು ಅದರ ಬೆಲೆಯನ್ನು ಮಳೆಗಾಲದಲ್ಲಿ ತೆರುವರು. ಆದುದರಿಂದ ಇದು ಬರಿಯ ಕುತೂಹಲದ ವಿದ್ಯೆಯಲ್ಲ.

ಕೊನೆಗೆ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ವಿಜ್ಞಾಪನೆ. ವಿಮಾನವು ಚಿತ್ರಿಸದೆ ಬಿಟ್ಟುದನ್ನು ನಿಮ್ಮ ಮನೆಯ ಹಳೆಯ ಪೆಟ್ಟಿಗೆಯು ಉಳಿಸಿರಬಹುದು. ಮದುವೆಯ ಚಿತ್ರದ ಹಿಂಬದಿಯಲ್ಲಿ ಒಂದು ತೋಪು, ತರಗತಿಯ ಚಿತ್ರದ ಅಂಚಿನಲ್ಲಿ ಒಂದು ಬಾವಿ ನಿಂತಿದ್ದೀತು. ಅವನ್ನು ಎಸೆಯಬೇಡಿರಿ. ಹಿರಿಯರು ನಮ್ಮೊಡನಿರುವಾಗಲೇ ಅವರನ್ನು ಕೇಳಿ, ಚಿತ್ರದ ಬೆನ್ನಿನಲ್ಲಿ ಸ್ಥಳವನ್ನೂ ವರ್ಷವನ್ನೂ ಪೆನ್ಸಿಲಿನಿಂದ ಬರೆದಿಡಿರಿ. ವರ್ಷವಿಲ್ಲದ ಚಿತ್ರವು ಸುಂದರವಾಗಿರಬಹುದು, ಆದರೆ ಸಾಕ್ಷಿ ಹೇಳಲಾರದು. ದೇವರು ನಮ್ಮ ವಶಕ್ಕೆ ಕೊಟ್ಟ ನೆಲವು ಹೇಗಿದ್ದಿತೆಂಬುದನ್ನು ಮುಂದಿನವರಿಗೆ ತಿಳಿಸಿ ಹೋಗುವುದು ನಮ್ಮೆಲ್ಲರ ಮೇಲಿರುವ ಋಣವಾಗಿದೆ.