ಕಾಲ್ಚೆಂಡಾಟದ ಮೊದಲ ಪಾಠಗಳು

ಬಲವಾಗಿ ಒದೆಯುವವನೇ ಉತ್ತಮ ಆಟಗಾರನೆಂದು ನಮ್ಮ ಬಾಲಕ ಬಾಲಕಿಯರಲ್ಲಿ ಅನೇಕರು ಭಾವಿಸಿರುತ್ತಾರೆ. ಇದು ಸರಿಯಲ್ಲ. ಚೆಂಡನ್ನು ವಶದಲ್ಲಿರಿಸಿಕೊಳ್ಳಲಾರದವನ ಬಲವು ಎದುರಾಳಿಗೇ ಉಪಕಾರವಾಗುವುದು. ಆದುದರಿಂದ ಚೆಂಡನ್ನು ನಿಲ್ಲಿಸುವುದು, ಜೊತೆಗಾರನಿಗೆ ಒಪ್ಪಿಸುವುದು, ಮುಂದಕ್ಕೆ ಕೊಂಡೊಯ್ಯುವುದು ಎಂಬ ಮೂರನ್ನು ಮೊದಲು ಕಲಿಯಬೇಕು.

ವೇಗವಾಗಿ ಬರುವ ಚೆಂಡಿಗೆ ಪಾದವನ್ನು ಬಿಗಿಯಾಗಿ ಒಡ್ಡಿದರೆ ಅದು ಪುಟಿದು ದೂರ ಹೋಗುವುದು. ಪಾದದ ಒಳಬದಿಯನ್ನು ಚೆಂಡಿಗೆ ಎದುರಾಗಿ ಹಿಡಿದು, ಅದು ತಗಲುವ ಕ್ಷಣದಲ್ಲಿ ತುಸು ಹಿಂದಕ್ಕೆ ಸೆಳೆದುಕೊಳ್ಳಬೇಕು. ಮರದ ಮೇಲಿನಿಂದ ಎಸೆದ ಮಾವಿನ ಹಣ್ಣನ್ನು ಹಿಡಿಯುವಾಗ ಕೈಗಳನ್ನು ಕೆಳಕ್ಕೆ ತಗ್ಗಿಸುತ್ತೇವಲ್ಲವೇ? ಇದೂ ಹಾಗೆಯೇ. ಚೆಂಡಿನ ವೇಗವು ಕುಗ್ಗಿ, ಅದು ಕಾಲ ಬಳಿಯಲ್ಲಿಯೇ ನಿಲ್ಲುವುದು.

ಜೊತೆಗಾರನಿಗೆ ಚೆಂಡನ್ನು ಒಪ್ಪಿಸುವಾಗ, ನೆಲಕ್ಕೂರಿದ ಕಾಲು ಚೆಂಡಿನ ಪಕ್ಕದಲ್ಲಿದ್ದು ಅವನ ಕಡೆಗೆ ಮುಖಮಾಡಿರಬೇಕು. ಇನ್ನೊಂದು ಪಾದದ ಒಳಬದಿಯು ಚೆಂಡಿನ ನಡುವಿಗೆ ತಗಲಬೇಕು. ಅಡಿಗೆ ತಗಲಿದರೆ ಚೆಂಡು ಮೇಲೇಳುವುದು. ಹೆಬ್ಬೆರಳ ತುದಿಯಿಂದ ಒದೆದರೆ ಚೆಂಡು ಸುಲಭವಾಗಿ ದಾರಿ ತಪ್ಪುವುದು.

ಕೊಂಡೊಯ್ಯುವಾಗ ಹೆಜ್ಜೆಹೆಜ್ಜೆಗೂ ಮೃದುವಾಗಿ ತಟ್ಟುತ್ತಾ ಚೆಂಡನ್ನು ಹತ್ತಿರದಲ್ಲಿಯೇ ಇರಿಸಿಕೊಳ್ಳಬೇಕು. ನಡುನಡುವೆ ತಲೆಯೆತ್ತಿ ಮೈದಾನವನ್ನು ನೋಡಲು ಮರೆಯಬಾರದು.

ಇವುಗಳ ಅಭ್ಯಾಸಕ್ಕೆ ಒಂದು ಗೋಡೆ ಸಾಕು. ಐದು ಹೆಜ್ಜೆ ದೂರದಲ್ಲಿ ನಿಂತು, ಗೋಡೆಗೆ ಒದೆದ ಚೆಂಡು ಮರಳಿದಾಗ ನಿಲ್ಲಿಸಿ, ಮತ್ತೆ ಒದೆಯಿರಿ. ಬಲಗಾಲಿನಿಂದ ಮಾಡಿದಷ್ಟನ್ನು ಎಡಗಾಲಿನಿಂದಲೂ ಮಾಡಿರಿ. ದಿನಕ್ಕೆ 20 ನಿಮಿಷಗಳು ಸಾಕು.

ತಂದೆತಾಯಿಗಳಿಗೆ ಎರಡು ಮಾತು. ದೊಡ್ಡವರ ಚೆಂಡಿನ ಸುತ್ತಳತೆ 68ರಿಂದ 70 ಸೆಂಟಿಮೀಟರು. ಎಳೆಯರಿಗೆ ಅದಕ್ಕಿಂತ ಚಿಕ್ಕದಾದ 4ನೆಯ ಅಳತೆಯ ಚೆಂಡೇ ಲೇಸು. ತಲೆಯಿಂದ ಚೆಂಡು ಹೊಡೆಯುವ ಅಭ್ಯಾಸ ಚಿಕ್ಕ ಮಕ್ಕಳಿಗೆ ಬೇಡ. ಇಂಗ್ಲೆಂಡಿನಲ್ಲಿ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ಕೈಬಿಡಲಾಯಿತು.

ಬೂಟುಗಳಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಕಲ್ಲು, ಗಾಜಿನ ಚೂರುಗಳನ್ನು ತೆಗೆದ ನೆಲವಿದ್ದರೆ ಬರಿಗಾಲಿನಲ್ಲಿಯೇ ಅಭ್ಯಾಸ ಮಾಡಬಹುದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ತಂಡದ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಫ್ರಾನ್ಸಿನ ವಿರುದ್ಧ ನಮ್ಮ ಗೋಲನ್ನು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಆದರೆ ದೊರೆತ ಎರಡು ಪೆನಾಲ್ಟಿ ಒದೆತಗಳೂ ವ್ಯರ್ಥವಾಗಿ, ನಾವು 2-1ರಿಂದ ಸೋತೆವು. ಬರಿಗಾಲಿನವರು ಅಂತಹ ತಂಡಕ್ಕೆ ಸಮನಾಗಿ ನಿಂತರು. ಗೆಲುವು ಕೈತಪ್ಪಿದುದು ಆ ಎರಡು ಒದೆತಗಳಲ್ಲಿ. ಚೆಂಡಿಗೆ ಪಾದವನ್ನು ಸರಿಯಾಗಿ ತಗಲಿಸುವ ಈ ಸಣ್ಣ ಪಾಠವನ್ನು ಇಂದೇ ಆರಂಭಿಸಿರಿ.