ಟರ್ಮಿನಲ್ ಸುಮ್ಮನೆ ಕೂತಿದ್ರೆ ಕೆಲಸ ನಡೀತಿದೆಯಾ, ನಿಂತಿದೆಯಾ?

ಪೆನ್‌ಡ್ರೈವ್‌ಗೆ ಲಿನಕ್ಸ್ ಹಾಕೋಕೆ ಡಿಡಿ ಅನ್ನೋ ಕಮಾಂಡ್ ಬಳಸಿದವರಿಗೆ ಈ ಸಂಕಟ ಗೊತ್ತಿರುತ್ತೆ. ಎಂಟರ್ ಒತ್ತಿದ ಮೇಲೆ ಅದು ಬಾಯೇ ಬಿಡಲ್ಲ. ಐದು ನಿಮಿಷ ಆದ್ರೂ ಕರ್ಸರ್ ಮಾತ್ರ ಮಿಣಮಿಣ. ತಾಳ್ಮೆ ಕೆಟ್ಟು ಕಂಟ್ರೋಲ್ ಸಿ ಒತ್ತಿದಿರೋ, ಪೆನ್‌ಡ್ರೈವ್‌ನಲ್ಲಿ ಅರ್ಧಂಬರ್ಧ ಲಿನಕ್ಸ್. ಮತ್ತೆ ಮೊದಲಿಂದ ಶುರು.

2015ರಲ್ಲಿ ಬಂದ ಗ್ನೂ ಕೋರ್‌ಯುಟಿಲ್ಸ್ 8.24ರಲ್ಲಿ ಇದಕ್ಕೆ 'ಸ್ಟೇಟಸ್=ಪ್ರೋಗ್ರೆಸ್' ಅನ್ನೋ ಆಯ್ಕೆ ಸೇರಿತು. ಎಷ್ಟು ಬೈಟ್ ಕಾಪಿ ಆಯ್ತು, ಎಷ್ಟು ಸೆಕೆಂಡ್ ಹಿಡೀತು, ವೇಗ ಎಷ್ಟು ಅನ್ನೋದು ಒಂದೇ ಸಾಲಿನಲ್ಲಿ ಬದಲಾಗ್ತಾ ಹೋಗುತ್ತೆ.

ಒಂದೇ ಸಾಲಿನಲ್ಲಿ ಹೇಗೆ? ಇದು ಟೈಪ್‌ರೈಟರ್ ಕಾಲದ ಉಪಾಯ. ಅದರ ಕ್ಯಾರಿಯೇಜನ್ನು ತಳ್ಳಿ ಸಾಲಿನ ಶುರುವಿಗೆ ತರೋದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸೋದು ಇನ್ನೊಂದು. ಟರ್ಮಿನಲ್‌ಗೆ ಮೊದಲನೆಯದನ್ನಷ್ಟೇ, ಅಂದ್ರೆ ಬ್ಯಾಕ್‌ಸ್ಲ್ಯಾಶ್ ಆರ್ ಅನ್ನು, ಕಳಿಸಿದ್ರೆ ಕರ್ಸರ್ ಅದೇ ಸಾಲಿನ ಆರಂಭಕ್ಕೆ ಹೋಗುತ್ತೆ, ಹೊಸ ಅಕ್ಷರ ಹಳೆಯದರ ಮೇಲೆ ಕೂರುತ್ತೆ. ಆದ್ರೆ ಹಳೆಯದು ತಾನಾಗಿ ಅಳಿಸಲ್ಲ. '100 ಬಾಕಿ' ಅನ್ನೋ ಬದಲು ಬರೀ 100 ಅಂತ ತೋರಿಸಿ ಆಮೇಲೆ 99 ಬರೆದ್ರೆ, ತೆರೆ ಮೇಲೆ ಕಾಣೋದು 990! ಹಾಗಾಗಿ ಕೊನೆಗೆ ಒಂದೆರಡು ಸ್ಪೇಸ್ ಸೇರಿಸಿ.

ಸಿ ಭಾಷೆಯಲ್ಲಿ ಬರೆಯೋರಿಗೆ ಇನ್ನೊಂದು ತಲೆನೋವು. ಪ್ರಿಂಟ್‌ಎಫ್ ಮಾಡಿದ್ದು ಸಾಮಾನ್ಯವಾಗಿ ಹೊಸ ಸಾಲು ಬರೋವರೆಗೆ ಬಫರ್‌ನಲ್ಲೇ ಕೂತಿರುತ್ತೆ. ಎಫ್‌ಫ್ಲಶ್ ಕರೆದು ಹೊರಗೆ ತಳ್ಳಬೇಕು.

ಮೆಸೇಜ್ ಎಲ್ಲಿಗೆ ಹೋಗುತ್ತೆ ಅನ್ನೋದೂ ಮುಖ್ಯ. ಡಿಡಿಯ ಔಟ್‌ಪುಟ್ಟನ್ನು ಪೈಪ್ ಮೂಲಕ ಬೇರೆ ಪ್ರೋಗ್ರಾಂಗೆ ಕೊಡಬಹುದು. ಪ್ರೋಗ್ರೆಸ್ ಮೆಸೇಜೂ ಅದೇ ದಾರಿ ಹಿಡಿದ್ರೆ ಡೇಟಾದ ಮಧ್ಯೆ ಸೇರಿಕೊಂಡು ಫೈಲೇ ಕೆಡುತ್ತೆ. ಅದಕ್ಕೇ ಡಿಡಿ ಅದನ್ನು ಸ್ಟ್ಯಾಂಡರ್ಡ್ ಎರರ್‌ಗೆ ಕಳಿಸುತ್ತೆ. ಎರರ್ ಅಂತ ಹೆಸರಿದೆ ಅಷ್ಟೇ, ಗಾಬರಿ ಬೇಡ.

ಈಗ ನನ್ನ ದೊಡ್ಡ ತಕರಾರು. ಡಿಡಿ ತೋರಿಸೋ ಅಂಕಿ ಪೂರ್ತಿ ನಿಜ ಹೇಳಲ್ಲ. ಲಿನಕ್ಸ್ ಡೇಟಾವನ್ನು ಮೊದಲು ರ‍್ಯಾಮ್‌ನಲ್ಲಿ ಇಟ್ಕೊಳ್ಳುತ್ತೆ, ಪೆನ್‌ಡ್ರೈವ್‌ಗೆ ನಿಧಾನವಾಗಿ ಬರೆಯುತ್ತೆ. ಡಿಡಿ ಎಣಿಸೋದು ರ‍್ಯಾಮ್‌ಗೆ ಹೋದದ್ದನ್ನು. ಪ್ರಾಂಪ್ಟ್ ವಾಪಸ್ ಬಂತಲ್ಲ ಅಂತ ಪೆನ್‌ಡ್ರೈವ್ ಕಿತ್ತರೆ ಕೆಲಸ ಕೆಟ್ಟಂಗೆ. 'ಕಾನ್ವ್=ಎಫ್‌ಸಿಂಕ್' ಸೇರಿಸಿದ್ರೆ ಡಿಡಿ ಕೊನೆಯ ಬೈಟ್ ಪೆನ್‌ಡ್ರೈವ್ ಸೇರೋವರೆಗೂ ಕಾಯುತ್ತೆ. ಆದ್ರೆ ಆ ಹೊತ್ತಿನಲ್ಲಿ ಅಂಕಿ ನಿಂತುಬಿಡುತ್ತೆ, ಮತ್ತೆ ಅದೇ ಮೌನ. ಅಲ್ಲಿ 'ಇನ್ನೂ ಬರೀತಿದ್ದೀನಿ, ಕೀಳಬೇಡಿ' ಅಂತ ಒಂದು ಸಾಲು ಇರಬೇಕಿತ್ತು. ನಿಮ್ಮ ಪ್ರೋಗ್ರಾಂನಲ್ಲಿ ನೀವಾದ್ರೂ ಹಾಕಿ.